ಇಪ್ಪತ್ತು ಮುಖದ ದಾಳ, ಹಾಗಲಕಾಯಿ ಗೊಜ್ಜು

2023ರ ಜನವರಿಯಲ್ಲಿ ನಾನು ಮಗಳ ಬಾಣಂತನಕ್ಕೆಂದು ಅಮೆರಿಕದ ಮಿಲ್ವಾಕೀ ಊರಿನಲ್ಲಿದ್ದೆ. ಹೊರಗೆ ಮೊಣಕಾಲುದ್ದ ಹಿಮ. ಎಣ್ಣೆನೀರು ಹಾಕಿಸಿಕೊಂಡು ಮಗು ಮಲಗಿತೆಂದರೆ ಮನೆಯಲ್ಲಿ ಮಾತಿಗೂ ಯಾರಿಲ್ಲ. ಆ ಮನೆಗೆ ಜೀವ ಬರುತ್ತಿದ್ದುದು ಶನಿವಾರ ರಾತ್ರಿ. ಅಳಿಯನ ಸ್ನೇಹಿತರು ಮೂರು ನಾಲ್ಕು ಜನ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು ಬಂದು ಊಟದ ಮೇಜಿನ ಸುತ್ತ ಕೂರುವರು. ಮೇಜಿನ ಮೇಲೆ ಕಾಗದ, ಪೆನ್ಸಿಲು, ದಪ್ಪ ದಪ್ಪ ಪುಸ್ತಕ, ಮತ್ತೆ ಬಣ್ಣಬಣ್ಣದ ದಾಳಗಳು. ನಾಲ್ಕು ಮುಖದ್ದು, ಎಂಟು ಮುಖದ್ದು, ಹನ್ನೆರಡು ಮುಖದ್ದು. ಒಂದಕ್ಕಂತೂ ಇಪ್ಪತ್ತು ಮುಖ!

ದಾಳ ಕಂಡರೆ ಧರ್ಮರಾಯನ ನೆನಪಾಗುವ ಮನೆಯಿಂದ ಬಂದವಳು ನಾನು. ಮೊದಲ ವಾರ ಬಾಯಿ ಬಿಗಿಹಿಡಿದುಕೊಂಡಿದ್ದೆ. ಎರಡನೆಯ ವಾರ ತಡೆಯಲಾಗದೆ ಅಡಿಗೆಮನೆಯಲ್ಲಿ ಮಗಳನ್ನು ಕೇಳಿಯೇಬಿಟ್ಟೆ: "ಏನೇ ಇದು, ದುಡ್ಡು ಕಟ್ಟಿ ಆಡ್ತೀರಾ?" ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಮ್ಮಾ, ಇದು ಕಥೆ ಹೇಳೋ ಆಟ. ಒಬ್ಬ ಕಥೆ ನಡೆಸ್ತಾನೆ, ಮಿಕ್ಕವರು ಒಬ್ಬೊಬ್ಬರು ಒಂದೊಂದು ಪಾತ್ರ. ನಾನು ಗೋಡೆ ಹತ್ತೀನಿ ಅಂತ ಹೇಳಿದರೆ ಹತ್ತೋಕಾಯ್ತೋ ಬಿದ್ದೆನೋ ಅನ್ನೋದನ್ನ ದಾಳ ಹೇಳುತ್ತೆ. ಗೆದ್ದವರೂ ಇಲ್ಲ, ಸೋತವರೂ ಇಲ್ಲ." ಗೆಲುವು ಸೋಲಿಲ್ಲದ ಆಟಕ್ಕೆ ಇಷ್ಟು ದಪ್ಪ ಪುಸ್ತಕ ಯಾಕೆ ಎನ್ನುವುದು ನನಗೆ ತಿಳಿಯಲಿಲ್ಲ. ಅದು ನಿಯಮಗಳ ಪುಸ್ತಕವಂತೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್.

ಹುಟ್ಟಿದ್ದು ಎಲ್ಲೋ ದೂರದಲ್ಲಲ್ಲ, ಅದೇ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಲ್ಲಿ. ಮಿಲ್ವಾಕೀಯಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಎಂಬಾತ 1970ರಲ್ಲಿ ವಿಮಾ ಕಂಪನಿಯ ಕೆಲಸ ಕಳೆದುಕೊಂಡು, ಸಂಸಾರ ಸಾಗಿಸಲು ಮನೆಯಲ್ಲೇ ಜೋಡು ರಿಪೇರಿ ಮಾಡುತ್ತಿದ್ದವನು. ಮಿನಿಯಾಪೊಲಿಸ್ ಕಡೆಯ ಡೇವ್ ಆರ್ನಸನ್ ಜೊತೆ ಸೇರಿ 1974ರಲ್ಲಿ ಈ ಆಟವನ್ನು ಹೊರತಂದ. ಒಂದು ಪೆಟ್ಟಿಗೆ, ಅದರಲ್ಲಿ ಮೂರು ಚಿಕ್ಕ ಪುಸ್ತಕ, ಬೆಲೆ 10 ಡಾಲರು. ಅಚ್ಚು ಹಾಕಿಸಿದ್ದು 1000 ಪ್ರತಿ. ಪೆಟ್ಟಿಗೆಗಳನ್ನು ಮನೆಮಂದಿ ಸ್ನೇಹಿತರೇ ಕೂತು ಜೋಡಿಸಿದರಂತೆ. ಹಪ್ಪಳ ಸಂಡಿಗೆಯ ವ್ಯಾಪಾರ ನಮ್ಮಲ್ಲಿ ಹೀಗೇ ಶುರುವಾಗುವುದಲ್ಲವೆ?

ಇದನ್ನೆಲ್ಲ ನನಗೆ ತಿಳಿಯುವಂತೆ ಮಾಡಿದ್ದು ಆ ಜನವರಿಯ ಮೊದಲ ವಾರದ ಒಂದು ಬೆಳಗು. ಮಗುವಿಗೆ ಹಾಲು ಕುಡಿಸುತ್ತ ಫೋನು ನೋಡುತ್ತಿದ್ದ ಮಗಳ ಮುಖ ಸಪ್ಪಗಾಯಿತು. ಯಾರಿಗೇನಾಯಿತೋ ಎಂದು ನನ್ನ ಎದೆ ಧಸಕ್ಕೆಂದಿತು. ಆದದ್ದು ಇಷ್ಟೆ. ಈಗ ಆ ಆಟದ ಒಡೆತನ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಯದು. ಗೈಗ್ಯಾಕ್ಸ್ ಕಟ್ಟಿದ ಟಿ.ಎಸ್.ಆರ್. ಕಂಪನಿಯನ್ನು ಇವರು 1997ರಲ್ಲಿ ಕೊಂಡರು, 1999ರಲ್ಲಿ ಇವರನ್ನೇ ಹ್ಯಾಸ್ಬ್ರೋ ಎಂಬ ದೊಡ್ಡ ಆಟಿಕೆ ಕಂಪನಿ ಕೊಂಡಿತು. 2000ದಲ್ಲಿ ಇವರು ಒಂದು ಧಾರಾಳದ ಕೆಲಸ ಮಾಡಿದ್ದರು. ನಮ್ಮ ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ, ನಿಮ್ಮ ಪುಸ್ತಕದಲ್ಲಿ ಅಚ್ಚು ಹಾಕಿ, ಮಾರಿ, ನಮಗೆ ಒಂದು ಕಾಸೂ ಕೊಡಬೇಡಿ ಎಂದು ಓಪನ್ ಗೇಮ್ ಲೈಸೆನ್ಸ್ ಎಂಬ ಕರಾರು ಹೊರಡಿಸಿದರು. ಇಪ್ಪತ್ತೆರಡು ವರ್ಷ ಎಷ್ಟೋ ಸಣ್ಣಪುಟ್ಟ ಪ್ರಕಾಶಕರು ಅದನ್ನು ನಂಬಿ ಅಂಗಡಿ ಹಾಕಿಕೊಂಡರು. ಈಗ ಹೊಸ ಕರಾರಿನ ಕರಡೊಂದು ಗುಟ್ಟಾಗಿ ಹೊರಬಿದ್ದಿತ್ತು. ಹಳೆಯದು ಇನ್ನು ಸಲ್ಲದು. ಎಲ್ಲರೂ ಹೆಸರು ನೋಂದಾಯಿಸಬೇಕು. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ವಹಿವಾಟಾದರೆ ಅದರ ಮೇಲಿನ ಮೊತ್ತದಲ್ಲಿ ನೂರಕ್ಕೆ 25ರವರೆಗೆ ರಾಯಲ್ಟಿ. ಲಾಭದಲ್ಲಿ ಅಲ್ಲ, ವಹಿವಾಟಿನಲ್ಲಿ!

"ಕೊಟ್ಟದ್ದನ್ನ ವಾಪಸ್ ಕೇಳ್ತಾರಲ್ಲಮ್ಮಾ" ಎಂದಳು ಮಗಳು. ಅವಳ ಅಂಗಡಿಯೇನೂ ಇರಲಿಲ್ಲ. ನನ್ನ ಅತ್ತೆ ಅವಳಿಗೆ ಹೇಳುತ್ತಿದ್ದ ಕಥೆಗಳನ್ನು ಸೇರಿಸಿ ಒಂದು ಆಟದ ಪುಸ್ತಕ ಬರೆಯಬೇಕೆಂದು ಬಸುರಿಯಾಗಿದ್ದಾಗಿನಿಂದ ಗೀಚುತ್ತಿದ್ದಳು, ಅಷ್ಟೆ.

ಹಳೆಯ ಕರಾರಿನಲ್ಲಿ ಇದ್ದ ಮಾತು 'ಪರ್ಪೆಚುಯಲ್' ಎಂದು. ಅವಧಿಯ ಮಿತಿ ಇಲ್ಲದ್ದು ಎಂದರ್ಥ. ಆದರೆ ಹಿಂದಕ್ಕೆ ಪಡೆಯಲಾಗದ್ದು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, 'ಇರ್ರೆವೊಕಬಲ್'. ಆ ಪದ ಅದರಲ್ಲಿ ಇರಲಿಲ್ಲ. ಇಡೀ ಜಗಳ ಆ ಇಲ್ಲದ ಪದದ ಮೇಲೆ. ಮುಂದೆ ಕರಾರು ಬದಲಾದರೂ ಹಳೆಯದನ್ನೇ ಇಟ್ಟುಕೊಳ್ಳಬಹುದು ಎಂದು ಕಂಪನಿಯೇ ಹಿಂದೆ ಪ್ರಶ್ನೋತ್ತರದಲ್ಲಿ ಹೇಳಿಕೊಂಡಿತ್ತು, ನಿಜ. ಬಾಯಿಮಾತಿನ ಭರವಸೆ ಪತ್ರದಲ್ಲಿ ಇಲ್ಲದಿದ್ದರೆ ಏನಾಗುತ್ತದೆಂಬುದು ಅಣ್ಣತಮ್ಮಂದಿರ ಪಾಲುಪಟ್ಟಿ ಕಂಡ ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ.

ನನಗೆ ಬಂದ ಅನುಮಾನ ಬೇರೆ. ಆಟದ ನಿಯಮಕ್ಕೆ ಒಡೆಯರು ಎಲ್ಲಿಂದ ಬಂದರು? ಚೌಕಾಬಾರಕ್ಕೆ ಯಾರು ಲೈಸೆನ್ಸ್ ಕೊಟ್ಟರು? ನಮ್ಮ ತವರಿನಲ್ಲಿ ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಅತ್ತೆಯ ಮನೆಯಲ್ಲಿ ಹೊಡೆಯದಿದ್ದರೂ ಹೋಗಬಹುದು. ಮದುವೆಯಾದ ಮೊದಲ ವರ್ಷ ಇದೇ ವಿಷಯಕ್ಕೆ ನಾದಿನಿಗೂ ನನಗೂ ಕವಡೆ ಚೆಲ್ಲಾಡುವಷ್ಟು ಜಗಳವಾಗಿದೆ. ಆದರೂ ಇದು ನಮ್ಮದು, ನೀನು ಆಡಕೂಡದು ಎಂದು ಯಾರೂ ಅಂದದ್ದಿಲ್ಲ.

ಅಳಿಯ ಇದಕ್ಕೆ ಉತ್ತರ ಹೇಳಿದರು. ಅವರು ಮಾತು ಕಡಿಮೆ, ಆದರೆ ಈ ವಿಷಯ ಬಂದರೆ ಚಹಾ ಆರಿದರೂ ನಿಲ್ಲಿಸುವುದಿಲ್ಲ. ಅಮೆರಿಕದಲ್ಲಿ ಸೆಲ್ಡನ್ ಎಂಬವನೊಬ್ಬ ಲೆಕ್ಕ ಬರೆಯುವ ಹೊಸ ಪದ್ಧತಿ ಕಂಡುಹಿಡಿದು ಪುಸ್ತಕ ಮಾಡಿದ್ದನಂತೆ. ಬೇಕರ್ ಎಂಬವನು ಅಂಥದೇ ಪದ್ಧತಿಯ ಪುಸ್ತಕ ಮಾರತೊಡಗಿದ. ಸೆಲ್ಡನ್‌ನ ವಿಧವೆ ದಾವೆ ಹೂಡಿದಳು. ಅಲ್ಲಿನ ಸುಪ್ರೀಂ ಕೋರ್ಟು ಅವಳ ವಿರುದ್ಧ ತೀರ್ಪು ಕೊಟ್ಟಿತು. ಪುಸ್ತಕದ ಮಾತು ಬರೆದವನದು, ಅದರಲ್ಲಿ ಹೇಳಿರುವ ವಿಧಾನ ಎಲ್ಲರದು ಎಂಬುದು ಅದರ ಸಾರ. ಆಟಕ್ಕೂ ಇದೇ ನ್ಯಾಯ. ಇಪ್ಪತ್ತು ಮುಖದ ದಾಳ ಎಸೆದು, ಬಿದ್ದ ಅಂಕಿಗೆ ಇಷ್ಟು ಕೂಡಿಸು ಎಂಬ ನಿಯಮ ಯಾರ ಸೊತ್ತೂ ಅಲ್ಲ. ಅದನ್ನು ವಿವರಿಸಿದ ವಾಕ್ಯಗಳು, ಚಿತ್ರಗಳು, ಹೊಸದಾಗಿ ಕಟ್ಟಿದ ಪಾತ್ರಗಳು ಸೊತ್ತು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಗೆರೆ ಎಳೆಯಬೇಕಾದರೆ ಕೋರ್ಟಿಗೆ ಹೋಗಬೇಕು, ಕೋರ್ಟಿಗೆ ಹೋಗಲು ಸಣ್ಣವರ ಬಳಿ ದುಡ್ಡಿಲ್ಲ. ಅದಕ್ಕೇ ಕರಾರಿನ ಬೆಲೆ. ಅದು ಕೊಡುತ್ತಿದ್ದುದು ನಿಯಮಕ್ಕಿಂತ ಹೆಚ್ಚಾಗಿ ರಾತ್ರಿಯ ನಿದ್ದೆ.

"ಸರಿ, ಈ ಗೈಗ್ಯಾಕ್ಸ್ ಎಲ್ಲಿಂದ ತಂದ?" ಎಂದೆ. ಅಲ್ಲಿ ಕಥೆ ರುಚಿಯಾಯಿತು. ಆರ್ನಸನ್ ತನ್ನ ಆಟವನ್ನು ಕಟ್ಟಿದ್ದು ತನ್ನ ಗುಂಪಿನ ಡೇವಿಡ್ ವೆಸ್ಲಿ ಆಡಿಸುತ್ತಿದ್ದ ಬ್ರೌನ್‌ಸ್ಟೈನ್ ಎಂಬ ಆಟ ನೋಡಿ. ಗೈಗ್ಯಾಕ್ಸ್ 1971ರಲ್ಲಿ ಜೆಫ್ ಪೆರೆನ್ ಜೊತೆ ಚೈನ್‌ಮೇಲ್ ಎಂಬ ಯುದ್ಧದಾಟದ ನಿಯಮ ಬರೆದಿದ್ದ. ಅದರ ಕೊನೆಯಲ್ಲಿ ಟೋಲ್ಕಿನ್ ಕಾದಂಬರಿಯ ಜೀವಿಗಳೆಲ್ಲ ಬಂದು ಕೂತಿದ್ದವು. ಹೊಸ ಆಟಕ್ಕೂ ಹಾಬಿಟ್‌ಗಳು ನಡೆದು ಬಂದರು. ಟೋಲ್ಕಿನ್ ಪುಸ್ತಕಗಳ ವ್ಯಾಪಾರದ ಹಕ್ಕು ಪಡೆದವರು ಕಣ್ಣು ಕೆಂಪಗೆ ಮಾಡಿದ ಮೇಲೆ ಹಾಬಿಟ್ ಹೋಗಿ 'ಹಾಫ್‌ಲಿಂಗ್' ಆಯಿತು, ಮರದ ಮನುಷ್ಯ 'ಎಂಟ್' ಹೋಗಿ 'ಟ್ರೀಯೆಂಟ್' ಆಯಿತು. ತಮಾಷೆಯೆಂದರೆ ಹಾಫ್‌ಲಿಂಗ್ ಎಂಬ ಮಾತನ್ನೂ ಟೋಲ್ಕಿನ್ ಬಳಸಿದ್ದಾನೆ. ಬಟ್ಟಲು ಬದಲಾಯಿತು, ಪಾಯಸ ಅದೇ. ಇನ್ನು ಜೊತೆಗಾರ ಆರ್ನಸನ್, ತನ್ನ ಹೆಸರಿಗೂ ದುಡ್ಡಿಗೂ ಸಂಚಕಾರ ಬಂತೆಂದು 1979ರಲ್ಲಿ ಗೈಗ್ಯಾಕ್ಸ್ ಮೇಲೇ ದಾವೆ ಹಾಕಿದ. 1981ರಲ್ಲಿ ರಾಜಿಯಾಯಿತು. ಹೀಗೆ ತಾನು ಅಲ್ಲಿ ಇಲ್ಲಿ ಕೇಳಿ ತಂದು ಕಟ್ಟಿದ ಕಂಪನಿ, ದೊಡ್ಡದಾದ ಮೇಲೆ ತನ್ನ ಆಟಕ್ಕೆ ಹೊಂದುವ ಪುಸ್ತಕ ತಂದವರ ಮೇಲೆ ಹರಿಹಾಯುತ್ತಿತ್ತು.

ಕೇಳುತ್ತ ಕೇಳುತ್ತ ನಾನು ಮೌನವಾದೆ. ಮಗಳು ನಿದ್ದೆ ಬಂತೇನಮ್ಮಾ ಎಂದಳು. ನಿದ್ದೆಯಲ್ಲ, ಗೊಜ್ಜು ನೆನಪಾಗಿತ್ತು.

1988ರ ಮಾತು. ನಾವಾಗ ವಠಾರದ ಮನೆಯಲ್ಲಿದ್ದೆವು. ಎದುರುಮನೆ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು. ನನಗೆ ಅಡಿಗೆ ಕಲಿಸಿದವರು ಅಮ್ಮನಿಗಿಂತ ಹೆಚ್ಚಾಗಿ ಅವರೇ. ಅವರ ಹಾಗಲಕಾಯಿ ಗೊಜ್ಜು ಎಂದರೆ ನಮ್ಮ ಯಜಮಾನರು ಇನ್ನೊಂದು ಸೌಟು ಅನ್ನ ಹಾಕಿಸಿಕೊಳ್ಳುತ್ತಿದ್ದರು. ಒಂದು ವಾರಪತ್ರಿಕೆಯವರು ಅಡಿಗೆ ಸ್ಪರ್ಧೆ ಇಟ್ಟಿದ್ದರು. ನಾನು ಆ ಗೊಜ್ಜನ್ನು ನನ್ನ ಮಾತಿನಲ್ಲಿ ಬರೆದು, ನನ್ನ ಹೆಸರಿನಲ್ಲಿ ಕಳಿಸಿದೆ. ಬಹುಮಾನ ಬಂತು, ಐವತ್ತು ರೂಪಾಯಿ. ಹೆಸರು ಅಚ್ಚಾಯಿತು. ವಠಾರದಲ್ಲೆಲ್ಲ ಪತ್ರಿಕೆ ಓಡಾಡಿತು. ಅಕ್ಕನೂ ಓದಿದರು. "ಚೆನ್ನಾಗಿ ಬರ್ದಿದ್ದೀಯ ಕಣೆ" ಎಂದರು, ಅಷ್ಟೆ. ಆಮೇಲೆ ಗೊಜ್ಜು ಮಾಡಿದ ದಿನ ನಮ್ಮನೆಗೆ ಬಟ್ಟಲು ಬರುವುದು ನಿಂತಿತು.

ಬೇಕರ್ ಮೊಕದ್ದಮೆಯ ಪ್ರಕಾರ ನಾನು ತಪ್ಪಿತಸ್ಥೆಯಲ್ಲ. ವಿಧಾನ ಎಲ್ಲರದು, ವಾಕ್ಯ ನನ್ನದು. ಮಿಲ್ವಾಕೀಯ ಆ ಮೇಜಿನ ಮುಂದೆ ಕೂತು ಇದನ್ನು ನಾನು ಎರಡು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಅತ್ತ ಗಲಾಟೆ ದಿನದಿಂದ ದಿನಕ್ಕೆ ಏರಿತು. ಆಟಗಾರರು ಕಂಪನಿಗೆ ಕಟ್ಟುತ್ತಿದ್ದ ಚಂದಾ ನಿಲ್ಲಿಸತೊಡಗಿದರು. ಪೈಜೋ ಎಂಬ ಪ್ರಕಾಶನದವರು ಯಾರ ಹಿಡಿತಕ್ಕೂ ಸಿಗದ, ಹಿಂತೆಗೆದುಕೊಳ್ಳಲಾಗದ ಬೇರೆಯೇ ಲೈಸೆನ್ಸ್ ಮಾಡುತ್ತೇವೆಂದರು. ಈ ಪೈಜೋದವರ ಕಥೆಯೂ ಕೇಳುವಂಥದು. ಮೊದಲು ಇದೇ ಆಟದ ಅಧಿಕೃತ ಪತ್ರಿಕೆಗಳನ್ನು ನಡೆಸುತ್ತಿದ್ದವರು. 2007ರಲ್ಲಿ ಕಂಪನಿ ಅವನ್ನು ಹಿಂದಕ್ಕೆ ಪಡೆಯಿತು. 2008ರಲ್ಲಿ ಆಟದ ಹೊಸ ಆವೃತ್ತಿ ಬಿಗಿ ಕರಾರಿನೊಂದಿಗೆ ಬಂದಾಗ ಇವರು ಹಳೆಯ ನಿಯಮವನ್ನೇ ಹಳೆಯ ಕರಾರಿನ ಬಲದಿಂದ ತಿದ್ದಿ ತೀಡಿ 2009ರಲ್ಲಿ ಪಾಥ್‌ಫೈಂಡರ್ ಎಂಬ ಸ್ವಂತ ಆಟ ಮಾಡಿಬಿಟ್ಟರು. ಮನೆಯಿಂದ ಹೊರಹಾಕಿದ ಸೊಸೆ ಅದೇ ಬೀದಿಯಲ್ಲಿ ಖಾನಾವಳಿ ತೆರೆದ ಹಾಗೆ. ಖಾನಾವಳಿ ಜೋರಾಗಿಯೇ ನಡೆಯಿತು.

ಕಂಪನಿ ಮೆತ್ತಗಾಗಿ ಇನ್ನೊಂದು ಕರಡು ತಂದು ಅಭಿಪ್ರಾಯ ಕೇಳಿತು. ಹದಿನೈದು ಸಾವಿರಕ್ಕೂ ಹೆಚ್ಚು ಜನ ಉತ್ತರ ಬರೆದರು, ಬಹುಪಾಲು ಬೇಡವೆಂದೇ. ಜನವರಿ 27ರಂದು ಹಳೆಯ ಕರಾರನ್ನು ಮುಟ್ಟುವುದಿಲ್ಲವೆಂದು ಒಪ್ಪಿಕೊಂಡು, ಮೇಲಾಗಿ ಮೂಲ ನಿಯಮಗಳ ಸುಮಾರು ನಾನೂರು ಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟರು. ಅದು ಅವರ ಕೈಯಲ್ಲಿರುವ ಪತ್ರವಲ್ಲ, ಬೇರೊಂದು ಸಂಸ್ಥೆ ಬರೆದದ್ದು. ಅದರಲ್ಲಿ ಆ 'ಇರ್ರೆವೊಕಬಲ್' ಎಂಬ ಪದವೂ ಇದೆ. ಮಗಳು ಮಗುವನ್ನೆತ್ತಿಕೊಂಡು ಕುಣಿದಳು.

"ಹಾಗಾದ್ರೆ ಈಗ ಅವರಿಗೆ ಏನೂ ಕೊಡೋದು ಬೇಡ್ವಾ?" ಎಂದೆ.

"ಬೇಡ. ಇದು ಇಂಥವರ ಪುಸ್ತಕದಿಂದ ತಗೊಂಡಿದ್ದು ಅಂತ ಹೆಸರು ಹಾಕಬೇಕು, ಎಲ್ಲಾದರೂ ಬದಲಾಯಿಸಿದ್ದರೆ ಅದನ್ನೂ ತಿಳಿಸಬೇಕು. ಮುಗೀತು."

ನಾನೂರು ಪುಟಕ್ಕೆ ಒಂದೆರಡು ಸಾಲು. ನನ್ನ ಗೊಜ್ಜು ಅರ್ಧ ಪುಟ.

ಏಪ್ರಿಲ್‌ನಲ್ಲಿ ಊರಿಗೆ ಬಂದೆ. ಎದುರುಮನೆ ಅಕ್ಕ ಈಗ ದಾವಣಗೆರೆಯಲ್ಲಿ ಮಗನ ಮನೆಯಲ್ಲಿದ್ದಾರೆಂದು ತಿಳಿದಿತ್ತು. ನಮ್ಮ ಓಡಾಟ ನಿಂತು ಎಷ್ಟೋ ವರ್ಷವಾಗಿತ್ತು. ಒಂದು ಮದುವೆಯ ನೆಪ ಸಿಕ್ಕಿತು, ಹೋದೆ. ಮಂಡಿನೋವು, ಕಣ್ಣಿಗೆ ಆಪರೇಷನ್ ಆಗಿದೆ, ನೆನಪು ಮಾತ್ರ ಚುರುಕು. ಮೊಮ್ಮಗುವಿನ ಫೋಟೋ ತೋರಿಸಿದೆ, ಅಮೆರಿಕದ ಚಳಿಯ ಮಾತಾಡಿದೆ. ಕೊನೆಗೆ, "ಅಕ್ಕಾ, ಆ ಗೊಜ್ಜಿನ ವಿಷಯದಲ್ಲಿ ನಾನು ನಿಮ್ಮ ಹೆಸರು ಬರೀಬೇಕಾಗಿತ್ತು" ಎಂದೆ. ಹೇಳುವಾಗ ಗಂಟಲು ಕಟ್ಟಿತು.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಬರೀಬಹುದಾಗಿತ್ತು" ಎಂದರು. "ನಾನೂ ಬಟ್ಟಲು ಕಳಿಸಬಹುದಾಗಿತ್ತು. ಎಷ್ಟು ದಿನ ಕೋಪ ಇತ್ತು ಅಂತೀಯಾ! ಆದರೆ ಒಂದು ಹೇಳು, ಅದರಲ್ಲಿ ಎಳ್ಳು ಹಾಕಿಲ್ವಲ್ಲ ನೀನು? ನಾನು ಎರಡು ಸಲ ಓದಿದೆ. ಹುರಿದ ಎಳ್ಳೇ ಇಲ್ಲ!"

ಮರೆತಿದ್ದೆ. ಮೂವತ್ತೈದು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ.

"ಎಳ್ಳಿಲ್ಲದ ಗೊಜ್ಜಿಗೆ ನನ್ನ ಹೆಸರು ಹಾಕಿದ್ದರೆ ಊರೆಲ್ಲ ಏನನ್ನೋರು? ಈಗ್ಲೂ ಎಲ್ಲೂ ಹಾಕಬೇಡ ಕಣೇ" ಎಂದು ನಕ್ಕರು. ಅದಕ್ಕೇ ಅವರ ಹೆಸರು ಇಲ್ಲಿಯೂ ಇಲ್ಲ. ಹೊರಡುವಾಗ ಸೊಸೆಯನ್ನು ಕೂಗಿ ಡಬ್ಬಿಯಲ್ಲಿ ಗೊಜ್ಜು ಹಾಕಿಸಿಕೊಟ್ಟರು. ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಹಿಂದಕ್ಕೆ ಕೊಡಬೇಕು.