ಇಬ್ಬರ ಮನೆಗೆ ಒಂದು ಕ್ವಿಂಟಲ್

ಅಮೆರಿಕದ ಡಲ್ಲಾಸ್ ಹತ್ತಿರ ಕೆಲಸದಲ್ಲಿರುವ ನನ್ನ ತಮ್ಮ ಹೋದ ವರ್ಷ ಫೋನಿನಲ್ಲಿ ಒಂದು ಲೆಕ್ಕ ಕೇಳಿದ. "ಅಕ್ಕಾ, ನೀ ಕಾಮರ್ಸ್ ಕಲಸಾಕಿ. ನಾವಿಬ್ಬರ ಇರೂ ಮನಿಗೆ ವರ್ಷಕ್ಕ 65 ಡಾಲರ್ ಕೊಟ್ಟು ಈ ಕಾರ್ಡ್ ಇಟ್ಕೊಳ್ಳೂದು ಲಾಭೋ, ಲುಕ್ಸಾನೋ?" ಕಾರ್ಡು ಕಾಸ್ಟ್‌ಕೊ ಎಂಬ ದೊಡ್ಡ ಗೋದಾಮಿನದು. ಅದು ಅಂಗಡಿಯೇ, ಆದರೆ ಸಾಮಾನು ಕೊಳ್ಳಬೇಕಾದರೆ ಮೊದಲು ಸದಸ್ಯರಾಗಬೇಕು, ಅದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕು. ಕೊಳ್ಳುವುದಕ್ಕೆ ಅಪ್ಪಣೆ ಪಡೆಯಲು ದುಡ್ಡು ಕೊಡುವ ಈ ಪದ್ಧತಿಯನ್ನು ಅವ್ವನಿಗೆ ವಿವರಿಸಿದಾಗ ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿದಳು: "ಅಂಗಡಿಯಂವಗ ನಾವ ರೊಕ್ಕಾ ಕೊಟ್ಟ, ಆಮ್ಯಾಲ ಮತ್ತ ಸಾಮಾನಿಗೂ ರೊಕ್ಕಾ ಕೊಡೂದಾ?"

ಪಾರಿಶ್ವಾಡದ ನಮ್ಮ ಮನೆಯಲ್ಲೂ ಈಗ ಇರುವುದು ಇಬ್ಬರೇ, ಅವ್ವ ಮತ್ತು ನಾನು. ಹಾಗಾಗಿ ತಮ್ಮನ ಪ್ರಶ್ನೆ ಅವನೊಬ್ಬನದೇ ಆಗಿ ಉಳಿಯಲಿಲ್ಲ.

ಅವನ ಲೆಕ್ಕ ಕಾಗದದ ಮೇಲೆ ಸರಳ. ಗೋದಾಮಿನಲ್ಲಿ ಬೇರೆ ಅಂಗಡಿಗಿಂತ ನೂರಕ್ಕೆ 15ರಷ್ಟು ಉಳಿಯುತ್ತದೆ ಎಂದಿಟ್ಟುಕೊಂಡರೆ, 65 ಡಾಲರ್ ವಾಪಸ್ ಬರಲು ವರ್ಷಕ್ಕೆ ಸುಮಾರು 433 ಡಾಲರ್ ಖರೀದಿ ಆಗಬೇಕು. ತಿಂಗಳಿಗೆ 36 ಡಾಲರ್. ಇಬ್ಬರೇ ಇದ್ದರೂ ಇದು ದೊಡ್ಡ ಮಾತಲ್ಲ. ಇನ್ನೊಂದು ಮೇಲ್ದರ್ಜೆಯ ಕಾರ್ಡು ಇದೆ, ಅದಕ್ಕೆ 130 ಡಾಲರ್. ಖರೀದಿಯ ಮೇಲೆ ನೂರಕ್ಕೆ 2 ವಾಪಸ್ ಕೊಡುತ್ತಾರೆ. ಹೆಚ್ಚಿಗೆ ಕೊಟ್ಟ 65 ಡಾಲರ್ ಆ 2ರಿಂದ ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್ ಸಾಮಾನು ಕೊಳ್ಳಬೇಕು. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಅದಕ್ಕಾಗಿ ಬೇಕಾದ್ದು ಬೇಡವಾದ್ದು ಎಲ್ಲ ತಂದು ತುಂಬಬೇಕಾದೀತು.

ಆದರೆ ಈ ಲೆಕ್ಕದಲ್ಲಿ ಒಂದು ಮಾತು ಬಿಟ್ಟುಹೋಗುತ್ತದೆ. ತಂದದ್ದನ್ನು ತಿಂದು ಮುಗಿಸುತ್ತೀರಾ? ಕೆಜಿಗೆ 100 ಇರುವ ಪದಾರ್ಥ ಅಲ್ಲಿ 80ಕ್ಕೆ ಸಿಗುತ್ತದೆ, ಆದರೆ 3 ಕೆಜಿಯ ಚೀಲದಲ್ಲಿ. 240 ಕೊಟ್ಟು ತಂದಿರಿ, 2 ಕೆಜಿ ತಿಂದಿರಿ, ಒಂದು ಕೆಜಿ ಕೆಟ್ಟಿತು. ತಿಂದದ್ದಕ್ಕೆ ಬಿದ್ದ ಬೆಲೆ ಕೆಜಿಗೆ 120. ನಮ್ಮ ವಿದ್ಯಾರ್ಥಿಗಳಿಗೆ ಈ ಲೆಕ್ಕ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ಒಂದ ಕೇಜಿ ಬಾಜು ಮನಿಗೆ ಕೊಟ್ರ?" ಎಂದಳು. ಪಠ್ಯಪುಸ್ತಕದಲ್ಲಿ ಬಾಜು ಮನೆ ಇಲ್ಲ. ಅವಳ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ.

ಇಂಥ ಗೋದಾಮು ಅಂಗಡಿಗಳ ಹುಟ್ಟು ದೊಡ್ಡ ಕುಟುಂಬಗಳಿಗಾಗಿ ಆದದ್ದೂ ಅಲ್ಲ. ಸೋಲ್ ಪ್ರೈಸ್ ಎಂಬುವರು 1976ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ವಿಮಾನದ ಹಳೆಯ ಹ್ಯಾಂಗರ್ ಒಂದರಲ್ಲಿ ಪ್ರೈಸ್ ಕ್ಲಬ್ ತೆರೆದರು. ಅದು ಮೊದಲಿಗೆ ಸಣ್ಣ ವ್ಯಾಪಾರಿಗಳಿಗೆ ಮಾತ್ರ ಇತ್ತು; ಮನೆಮಂದಿಗೆ ಬಾಗಿಲು ತೆರೆದದ್ದು ಆಮೇಲೆ. ಕಾಸ್ಟ್‌ಕೊ 1983ರಲ್ಲಿ ಸಿಯಾಟಲ್‌ನಲ್ಲಿ ಶುರುವಾಯಿತು, ಹತ್ತು ವರ್ಷದ ನಂತರ ಎರಡೂ ಒಂದಾದವು. ಸಾಮಾನಿನ ಮೇಲೆ ತೀರ ಕಡಿಮೆ ಲಾಭ ಇಟ್ಟು, ಸದಸ್ಯತ್ವದ ಹಣದಲ್ಲಿ ಬದುಕುವ ವ್ಯಾಪಾರ ಅದು. 2024ರ ಆರ್ಥಿಕ ವರ್ಷದಲ್ಲಿ ಕಂಪನಿಯ ನಿವ್ವಳ ಲಾಭ ಸುಮಾರು 740 ಕೋಟಿ ಡಾಲರ್. ಸದಸ್ಯತ್ವದ ಶುಲ್ಕವಾಗಿಯೇ ಬಂದದ್ದು ಸುಮಾರು 480 ಕೋಟಿ. ಅವರು ಮಾರುವುದರಲ್ಲಿ ಒಳ್ಳೆಯ ಮಾಲು ಬಾಗಿಲೇ ಅನ್ನಬೇಕು.

ನಮ್ಮ ರಾಜ್ಯಕ್ಕೂ ಇಂಥದ್ದೊಂದು ಬಂತು. ಜರ್ಮನಿಯ ಮೆಟ್ರೊ 2003ರಲ್ಲಿ ಬೆಂಗಳೂರಿನಲ್ಲಿ ತನ್ನ ಸಗಟು ಅಂಗಡಿ ತೆರೆಯಿತು. ಅಲ್ಲಿಯ ಕಾರ್ಡಿಗೆ ದುಡ್ಡು ಬೇಕಿರಲಿಲ್ಲ, ವ್ಯಾಪಾರಿ ಎಂಬ ಕಾಗದ ಬೇಕಿತ್ತು. ಬೆಂಗಳೂರಿನಲ್ಲಿದ್ದ ನನ್ನ ಗೆಳತಿಯರ ಮನೆಗಳಲ್ಲಿ ಯಾರದೋ ಸೋದರಮಾವನ ಹೆಸರಿನ ಕಾರ್ಡು ಹಿಡಿದು ಹೋಗಿ ಐದು ಲೀಟರ್ ಎಣ್ಣೆ ತರುವುದು ಒಂದು ಸಾಹಸದ ಹಾಗೆ ನಡೆಯುತ್ತಿತ್ತು. 2023ರಲ್ಲಿ ಮೆಟ್ರೊದ ಭಾರತದ ವ್ಯಾಪಾರವನ್ನು ರಿಲಯನ್ಸ್ ಕೊಂಡಿತು. ನಮ್ಮ ಕಡೆಯವರಿಗೆ ಅಗ್ಗದ ದೊಡ್ಡ ಅಂಗಡಿ ಎಂದರೆ ಬೆಳಗಾವಿಯ ಡಿ-ಮಾರ್ಟ್. ಅಲ್ಲಿ ಸದಸ್ಯತ್ವ ಇಲ್ಲ, ಯಾರು ಬೇಕಾದರೂ ಹೋಗಬಹುದು.

ಯಾರು ಬೇಕಾದರೂ ಎಂದೆ. ಪಾರಿಶ್ವಾಡದಿಂದ ಹೋಗುವುದು ಅಂದರೆ ಬಸ್ಸು ಬದಲಿಸಿ ಅರ್ಧ ದಿನ ಕಳೆಯುವ ಕೆಲಸ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಹೋದಮೇಲೆ ಈ ಲೆಕ್ಕ ಬದಲಾಯಿತು. ಮೊದಲು ಉಳಿಸಿದ ದುಡ್ಡೆಲ್ಲ ಬಸ್ಸಿಗೆ ಹೋಗುತ್ತಿತ್ತು. ಈಗ ನಮ್ಮ ಓಣಿಯ ಹೆಂಗಸರು ಮೂವರು ನಾಲ್ವರು ಸೇರಿ ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಎಣ್ಣೆ, ಸಾಬೂನು, ಬೇಳೆ ತರುತ್ತಾರೆ. ಸರ್ಕಾರ ಕೊಟ್ಟ ಸದಸ್ಯತ್ವ ಇದು. ಆದರೆ ಗುಲಾಬಿ ಟಿಕೆಟ್ಟು ಚೀಲ ಹೊರುವುದಿಲ್ಲ. ಮೊಣಕಾಲು ನೋವಿನ ಅವ್ವನಿಗೆ ಆ ಬಸ್ಸಿನ ಮೆಟ್ಟಿಲೇ ಎತ್ತರ.

ಅವ್ವನ ಅಂಗಡಿ ನಮ್ಮ ಓಣಿಯ ತುದಿಯಲ್ಲಿದೆ. ಅಲ್ಲಿ ಪಾವ ಕೆಜಿ ಬೆಲ್ಲ ಸಿಗುತ್ತದೆ, ಐದು ರೂಪಾಯಿಯ ಸಾಸಿವೆ ಸಿಗುತ್ತದೆ. ಸಾವಕಾರರು ರವಿವಾರ ಪೇಟೆಯಿಂದ ಮೂಟೆಗಟ್ಟಲೆ ತಂದು ಚಿಲ್ಲರೆ ಮಾಡಿ ಮಾರುತ್ತಾರೆ. ಕೆಜಿಗೆ ಐದೋ ಎಂಟೋ ಹೆಚ್ಚು. ಆ ಹೆಚ್ಚಿನ ದುಡ್ಡಿನಲ್ಲಿ ಏನೇನು ಬರುತ್ತದೆ ಎಂದು ಒಮ್ಮೆ ಕೂತು ಬರೆದೆ. ಅಪ್ಪ ಆಸ್ಪತ್ರೆಯಲ್ಲಿದ್ದ ಎರಡೂವರೆ ತಿಂಗಳು ಉದ್ರಿ ವಹಿಯಲ್ಲಿ ನಮ್ಮ ಪುಟ ತುಂಬಿ ಇನ್ನೊಂದಕ್ಕೆ ಹೋಗಿತ್ತು. ಒಂದು ದಿನವೂ ಅವರು ಕೇಳಲಿಲ್ಲ. ಅವ್ವ ಎರಡು ದಿನ ಅಂಗಡಿಗೆ ಬಾರದಿದ್ದರೆ ಹುಡುಗನನ್ನು ಕಳಿಸಿ ವಿಚಾರಿಸುತ್ತಾರೆ. ಗೋದಾಮಿಗೆ ಹೋಲಿಸಿದರೆ ಇದು ದುಬಾರಿ ಅಂಗಡಿ. ವಿಮೆಗೆ ಹೋಲಿಸಿದರೆ ಅಗ್ಗ.

ಆದರೂ ಸಾವಕಾರರ ಪರವಾಗಿ ಕಣ್ಣೀರು ಹಾಕಿ ಬರೆಯುವ ಪ್ರಬಂಧಗಳು ನನಗೆ ಅಷ್ಟು ಹಿಡಿಸುವುದಿಲ್ಲ. ಉದ್ರಿ ಎಲ್ಲರಿಗೂ ಸಿಗುವುದಿಲ್ಲ. ಹೊಲ ಇದ್ದವರಿಗೆ, ತಿಂಗಳ ಪಗಾರ ಇದ್ದವರಿಗೆ ಒಂದು ವಹಿ, ಕೂಲಿಯವರಿಗೆ ನಗದು. ಪಾವ ಕೆಜಿ ಕೊಳ್ಳುವವರೇ ಎಲ್ಲ ಊರಲ್ಲೂ ಹೆಚ್ಚು ಬೆಲೆ ಕೊಡುವವರು. ಮೂಟೆ ಕೊಳ್ಳಲು ಒಮ್ಮೆಲೆ ದುಡ್ಡು ಬೇಕು, ಇಡಲು ಜಾಗ ಬೇಕು. ಬಡವರು ಸಣ್ಣದಾಗಿ ಕೊಂಡು ಜಾಸ್ತಿ ತೆರುವುದು ಡಲ್ಲಾಸಿನಲ್ಲೂ ಹಾಗೇ, ಖಾನಾಪುರ ತಾಲೂಕಿನಲ್ಲೂ ಹಾಗೇ.

ಇದಕ್ಕೆ ಒಂದು ಹಳೆಯ ಉತ್ತರ ಇತ್ತು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ 28 ಜನ ದುಡ್ಡು ಕೂಡಿಸಿ ಅಂಗಡಿ ಹಾಕಿದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿಯಂಥ ನಾಲ್ಕೈದು ಸಾಮಾನು. ವರ್ಷದ ಲಾಭವನ್ನು ಯಾರು ಎಷ್ಟು ಕೊಂಡರೋ ಅಷ್ಟರ ಪ್ರಮಾಣದಲ್ಲಿ ಹಂಚಿಕೊಂಡರು. ಕಾಸ್ಟ್‌ಕೊದ ನೂರಕ್ಕೆ 2 ನೋಡಿದಾಗ ನನಗೆ ನೆನಪಾದದ್ದು ಇವರೇ. ಒಂದೇ ವ್ಯತ್ಯಾಸ, ರಾಚ್‌ಡೇಲಿನಲ್ಲಿ ಸದಸ್ಯ ಎಂದರೆ ಅಂಗಡಿಯ ಒಡೆಯ. ಇಲ್ಲಿ ಸದಸ್ಯ ಎಂದರೆ ಒಳಗೆ ಬಿಟ್ಟ ಗಿರಾಕಿ. ನಮ್ಮಲ್ಲೂ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಬೀಜದ ಬೆಳೆಯೇ ಇಂದು ಹಳ್ಳಿಹಳ್ಳಿಯಲ್ಲಿರುವ ಪಿಕೆಪಿಎಸ್. ಅಪ್ಪನ ಷೇರು ಈಗ ಅವ್ವನ ಹೆಸರಿನಲ್ಲಿದೆ. ವರ್ಷಕ್ಕೊಮ್ಮೆ ಸಭೆಗೆ ಹೋಗಿ ಶಿರಾ ಉಪ್ಪಿಟ್ಟು ತಿಂದು, ವರದಿ ಪುಸ್ತಕ ತಂದು ದೇವರ ಜಗಲಿಯ ಮೇಲೆ ಇಡುತ್ತಾಳೆ. ಗೊಬ್ಬರ, ಸಾಲ ಬಿಟ್ಟರೆ ಅಡುಗೆಮನೆಗೆ ಅದರಿಂದ ಬರುವುದೇನೂ ಇಲ್ಲ. ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಮನೆಯ ಜೋಳದ ವಿಷಯ. ಅದಕ್ಕಾಗಿಯೇ ಇಷ್ಟೆಲ್ಲ.

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಹನ್ನೊಂದು ಜನ. ಬೇಸಿಗೆಯಲ್ಲಿ ವರ್ಷದ ಸಾಮಾನು ಮನೆಗೆ ಬರುತ್ತಿತ್ತು. ಬೈಲಹೊಂಗಲ ಕಡೆಯ ಎರಿ ಹೊಲದ ಬಿಳಿಜೋಳ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ತೊಗರಿಬೇಳೆ. ಬೇಳೆಗೆ ಔಡಲೆಣ್ಣೆ ಸವರುವುದು, ಜೋಳದಲ್ಲಿ ಒಣಗಿದ ಬೇವಿನ ಸೊಪ್ಪು ಬೆರೆಸುವುದು, ಗಿರಣಿಯಲ್ಲಿ ಮಸಾಲೆ ಖಾರ ಕುಟ್ಟಿಸಿ ಬರಣಿಗೆ ತುಂಬುವುದು. ಸೀನಿ ಸೀನಿ ಇಡೀ ಓಣಿಗೆ ನಮ್ಮ ಮನೆಯ ಖಾರದ ಸುದ್ದಿ ಮುಟ್ಟುತ್ತಿತ್ತು. ಅಜ್ಜನ ಕಾಲದಲ್ಲಿ ಹಗೇವೂ ಇತ್ತಂತೆ. ನೆಲದೊಳಗಿನ ಆ ಕತ್ತಲ ಕಣಜವನ್ನು ತೆರೆದ ಕೂಡಲೇ ಇಳಿಯುವಂತಿರಲಿಲ್ಲ; ಕೆಟ್ಟ ಗಾಳಿ ಹೋಗಲಿ ಎಂದು ಕಾದು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ ಇಳಿಯಬೇಕು. ಗೋದಾಮು ಎಂಬುದು ನಮಗೇನೂ ಹೊಸದಲ್ಲ, ಮನೆಯ ಅಂಗಳದಲ್ಲೇ ಇತ್ತು.

ಅಜ್ಜ ಅಜ್ಜಿ ಹೋದರು, ಕಾಕಾನವರು ಬೇರೆಯಾದರು, ಅತ್ತೆಯರ ಮದುವೆಯಾಯಿತು, ತಮ್ಮ ವಿಮಾನ ಹತ್ತಿದ, ಅಪ್ಪ ತೀರಿಕೊಂಡರು. ಅವ್ವನ ಜೋಳ ಮಾತ್ರ ಕ್ವಿಂಟಲಿಗಿಂತ ಕೆಳಗೆ ಇಳಿಯಲಿಲ್ಲ. ಒಂದು ಹೊತ್ತು ಅನ್ನ, ಒಂದು ಹೊತ್ತು ರೊಟ್ಟಿ ತಿನ್ನುವ ನಮ್ಮಿಬ್ಬರಿಗೆ ತಿಂಗಳಿಗೆ ನಾಲ್ಕು ಕೆಜಿ ಜೋಳ ಸಾಕು. ವರ್ಷಕ್ಕೆ ಹೆಚ್ಚೆಂದರೆ 50 ಕೆಜಿ. ರೈತರಿಂದ ನೇರ ತಂದರೆ ಕೆಜಿಗೆ 45, ಟೆಂಪೊ ಬಾಡಿಗೆ 200, ಒಟ್ಟು 4,700. ಅಂಗಡಿಯಲ್ಲಿ ಕೆಜಿಗೆ 60. ಪೂರ್ತಿ ಕ್ವಿಂಟಲ್ ತಿಂದರೆ 1,300 ಉಳಿತಾಯ. ಅರ್ಧವೇ ತಿಂದರೆ ಕೆಜಿಗೆ 94 ಬಿತ್ತು. ಇದನ್ನು ಬರೆದು ಅವ್ವನ ಮುಂದೆ ಹಿಡಿದೆ. ಮಳೆಗಾಲದ ಥಂಡಿಗೆ ನುಸಿ ಹತ್ತುವುದನ್ನೂ ಸೇರಿಸಿದೆ.

"ಉಳದದ್ದ ನಾ ಎಂದರ ತಿಪ್ಪಿಗೆ ಹಾಕೇನೇನ?" ಎಂದಳು.

ಹಾಕಿರಲಿಲ್ಲ. ಆ ಅರ್ಧ ಎಲ್ಲಿಗೆ ಹೋಗುತ್ತದೆ ಎಂದು ಒಂದು ವರ್ಷ ಗಮನಿಸಿದೆ. ಶೀಗಿ ಹುಣ್ಣಿಮೆಗೆ ಬಂದವರಿಗೆ, ಮರದಲ್ಲಿ ತುಂಬಿ ಕೊಟ್ಟ ಜೋಗಮ್ಮಗೆ, ಬಾಣಂತನಕ್ಕೆ ಮಗಳನ್ನು ಕರೆದುಕೊಂಡು ಬಂದ ಎದುರು ಮನೆಯವರಿಗೆ, ಕಳೆ ತೆಗೆಯಲು ಬಂದ ಹೆಂಗಸರ ಬುತ್ತಿಗೆ. ಎರಡು ಮನೆಗೆ ಕಡ ಕೊಟ್ಟದ್ದು. ಒಂದು ವಾಪಸ್ ಬಂತು, ಒಂದು ಬರಲಿಲ್ಲ. ಅವ್ವ ಯಾವುದನ್ನೂ ಬರೆದಿಟ್ಟಿಲ್ಲ. ನಾನು ಬರೆದಿಟ್ಟಿದ್ದು ಆಕೆಗೆ ಹಿಡಿಸಲೂ ಇಲ್ಲ. ಒಂದು ದಿನ ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು: "ಇಪ್ಪತ್ತೈದ ಕೇಜಿ ಚೀಲಾ ಟೆಂಪೋದಾಗಿಂದ ಇಳಸೂದ ಓಣ್ಯಾಗ ಎಲ್ಲಾರೂ ನೋಡ್ತಾರ. ಮನಿ ಸಣ್ಣದಾತು ಅಂತ ಡಂಗರಾ ಸಾರಬೇಕೇನ?"

ಇದಕ್ಕೆ ನನ್ನ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ. ಕ್ವಿಂಟಲ್ ಚೀಲ ಆಕೆಗೆ ಕಾರ್ಡಿನ ಹಾಗೆ. ಕೊಡುವ ಮನೆಗಳ ಸಾಲಿನಲ್ಲಿ ನಿಲ್ಲಲು ವರ್ಷವರ್ಷ ಕಟ್ಟುವ ಶುಲ್ಕ. ಆ ಸಾಲಿನಿಂದ ಕೊಳ್ಳುವ ಸಾಲಿಗೆ, ಅಲ್ಲಿಂದ ಪಾವ ಕೆಜಿಯ ಸಾಲಿಗೆ ಜಾರುವುದು ಆಕೆಗೆ ಕಾಣುತ್ತಿತ್ತು. ಹೆಂಗಸಿನ ವಯಸ್ಸನ್ನು ನಮ್ಮ ಕಡೆ ಹೀಗೂ ಅಳೆಯುತ್ತಾರೆ.

ತಮ್ಮನಿಗೆ ನಾನು ಬರೆದ ಉತ್ತರ ಚಿಕ್ಕದು. ಕೆಡದ ಸಾಮಾನಿದ್ದರೆ, ಅಂಗಡಿ ನೀನು ಕೆಲಸಕ್ಕೆ ಹೋಗುವ ದಾರಿಯಲ್ಲೇ ಇದ್ದರೆ, 65ರ ಕಾರ್ಡು ಇಟ್ಟುಕೋ. 130ರದು ಬೇಡ. ಕಾಯಿಪಲ್ಲೆ, ಹಾಲು, ಬ್ರೆಡ್ಡು ಅಲ್ಲಿ ಕೊಳ್ಳಬೇಡ. ಹಂಚಿಕೊಳ್ಳುವ ಇನ್ನೊಂದು ಮನೆ ಸಿಕ್ಕರೆ ಎಲ್ಲ ಲೆಕ್ಕವೂ ಬದಲಾಗುತ್ತದೆ, ಮೊದಲು ಅದನ್ನು ಹುಡುಕು. ಅವರ ಬಿಲ್ಡಿಂಗಿನಲ್ಲಿ ಧಾರವಾಡ ಕಡೆಯ ಒಂದು ಜೋಡಿ ಸಿಕ್ಕಿದೆಯಂತೆ. ಈಗ ದೊಡ್ಡ ಅಕ್ಕಿ ಚೀಲವನ್ನು ಕಾರಿನ ಡಿಕ್ಕಿಯಲ್ಲೇ ಪಾಲು ಮಾಡುತ್ತಾರಂತೆ.

ಇಲ್ಲಿ ಆ ಮಾತನ್ನು ಅವ್ವನಿಗೆ ಹೇಳಲು ನನಗೆ ಮೂರು ತಿಂಗಳು ಬೇಕಾಯಿತು, ಕೊನೆಗೆ ಹೇಳಿದ್ದೂ ನಾನಲ್ಲ. ಎದುರು ಮನೆಯ ಕಾಕು ಬಂದು, "ಯಕ್ಕಾ, ಈ ಸಲಾ ಜ್ವಾಳಾ ಕೂಡೇ ತರಸೂಣು. ನಿಮ್ಮ ಮನ್ಯಾಗ ಇಳಸೂಣು, ನಿಮ್ಮ ಕಟ್ಟಿ ದೊಡ್ಡದೈತಿ" ಎಂದರು. ಕಾಕುಗೆ ಯಾರು ಹೇಳಿಕೊಟ್ಟರೋ, ಯಾರೂ ಹೇಳಿಕೊಡಲಿಲ್ಲವೋ. ಮಾರ್ಚಿಯಲ್ಲಿ ಎರಡು ಕ್ವಿಂಟಲ್ ಬಂತು, ನಾಲ್ಕು ಮನೆಗೆ. ಟೆಂಪೊ ನಮ್ಮ ಬಾಗಿಲಲ್ಲೇ ನಿಂತಿತು. ಚೀಲ ಇಳಿಸುವಾಗ ಅವ್ವ ಕಟ್ಟೆಯ ಮೇಲೆ ನಿಂತು ಹಮಾಲರಿಗೆ ಎಲ್ಲಿ ಇಡಬೇಕೆಂದು ಜೋರಾಗಿ ಹೇಳುತ್ತಿದ್ದಳು, ಓಣಿಗೆಲ್ಲ ಕೇಳುವಷ್ಟು.

ಸಾವಕಾರರ ಅಂಗಡಿಯ ತಕ್ಕಡಿ ತಂದು ಪಾಲು ಮಾಡಿದೆವು. ಪ್ರತಿ ಮನೆಗೆ 50 ಕೆಜಿ. ತೂಕ ಸರಿಯಾಗಿ ನಿಂತ ಮೇಲೆ ಅವ್ವ ಪ್ರತಿ ಚೀಲಕ್ಕೂ ಮರದಿಂದ ಇನ್ನೊಂದಿಷ್ಟು ಸುರಿದಳು. ಮೂವರೂ ಬೇಡ ಬೇಡ ಎಂದರು, ಚೀಲದ ಬಾಯಿಯನ್ನಂತೂ ಮುಚ್ಚಲಿಲ್ಲ. ಅವರೆಲ್ಲ ಹೋದಮೇಲೆ ನಮ್ಮ ಚೀಲವನ್ನು ತಕ್ಕಡಿಗೆ ಏರಿಸಿದೆ. ನಲವತ್ತೆಂಟೂವರೆ ಕೆಜಿ. ಅವ್ವ ಅದರಲ್ಲಿ ಬೇವಿನ ಸೊಪ್ಪು ಬೆರೆಸುತ್ತ, "ತಕ್ಕಡಿ ಎಲ್ಲಿಂದ ತಂದೀರಿ? ಅದ ಸುಳ್ಳ ಹೇಳ್ತೈತಿ" ಎಂದಳು.