ದಾನಮ್ಮನೆಂಬ ಹೆಸರಿನ ಹೊಣೆ

ಹೆಣ್ಣುಮಗುವಿಗೆ ಹೆಸರಿಡುವ ದಿನ ಉತ್ತರ ಕರ್ನಾಟಕದ ಶರಣ ಮನೆತನಗಳಲ್ಲಿ ಸಡಗರ ತುಂಬಿರುತ್ತದೆ. ತೊಟ್ಟಿಲನ್ನು ಸಿಂಗರಿಸಿ, ಮಗುವಿನ ಹಣೆಗೆ ವಿಭೂತಿಯನ್ನು ಧರಿಸಿದ ಬಳಿಕ ಸೋದರತ್ತೆಯು ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರನ್ನು ಉಸುರುತ್ತಾಳೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿಯೂ ಗಡಿಯಾಚೆಯ ಜತ್ತ, ಸೊಲ್ಲಾಪುರ ಭಾಗಗಳಲ್ಲಿಯೂ ಹೀಗೆ ತಲೆಮಾರುಗಳಿಂದ ಉಸುರುತ್ತ ಬಂದಿರುವ ಹೆಸರುಗಳಲ್ಲಿ ದಾನಮ್ಮ ಎಂಬುದೂ ಒಂದು. ಶಾಲೆಯ ದಾಖಲೆಯಲ್ಲಿ ದಾನಮ್ಮ ಅಥವಾ ದಾನೇಶ್ವರಿ ಎಂದಿದ್ದರೂ ಮನೆಯಂಗಳದಲ್ಲಿ ಆಕೆ ದಾನವ್ವನೇ.

ಈ ಹೆಸರಿನ ಮೂಲವು 12ನೆಯ ಶತಮಾನದ ಶರಣೆಯೊಬ್ಬಳ ಬದುಕಿನಲ್ಲಿದೆ. ಇಂದಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮರಾಣಿಯಲ್ಲಿ ಲಿಂಗಮ್ಮ ಎಂಬ ಹೆಸರಿನಿಂದ ಹುಟ್ಟಿದ ಆಕೆಯು ಕಲ್ಯಾಣಕ್ಕೆ ಹೋಗಿ ದಾಸೋಹದಲ್ಲಿ ತೊಡಗಿದಳೆಂದೂ, ಹಸಿದವರಿಗೂ ದೀನರಿಗೂ ಆಕೆ ನೀಡುತ್ತಿದ್ದ ರೀತಿಯನ್ನು ಕಂಡು ಬಸವಣ್ಣನವರೇ ಆಕೆಯನ್ನು ದಾನಮ್ಮ ಎಂದು ಕರೆದರೆಂದೂ ಐತಿಹ್ಯವು ಹೇಳುತ್ತದೆ. ಆಕೆಯ ನೆನಪಿನ ಮುಖ್ಯ ಕ್ಷೇತ್ರವಾದ ಗುಡ್ಡಾಪುರವೂ ಜತ್ತ ತಾಲ್ಲೂಕಿನಲ್ಲಿಯೇ ಇದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ತಾಲ್ಲೂಕು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಆದರೆ ಭಕ್ತರ ಹಾದಿಗೆ ಗಡಿಯೆಂಬುದಿಲ್ಲ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಈ ಭಾಗದ ಊರೂರುಗಳಿಂದ ಜನ ಕಾಲ್ನಡಿಗೆಯಲ್ಲಿಯೇ ಹೊರಡುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲಿಂಗಮ್ಮ ಎಂಬುದು ತಂದೆತಾಯಿಗಳು ಕೊಟ್ಟ ಹೆಸರು. ದಾನಮ್ಮ ಎಂಬುದು ಬದುಕು ಗಳಿಸಿಕೊಟ್ಟ ಹೆಸರು. ಶರಣರ ಕಾಲದಲ್ಲಿ ಇಂತಹ ಹೆಸರುಗಳು ಹಲವು. ನೂಲುವ ಕಾಯಕದ ರೆಮ್ಮವ್ವೆಯು ಕದಿರ ರೆಮ್ಮವ್ವೆಯಾದಳು. ಧಾನ್ಯ ಕುಟ್ಟುವ ಸೋಮಮ್ಮನು ಕೊಟ್ಟಣದ ಸೋಮಮ್ಮನಾದಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ದಂಪತಿಗಳಲ್ಲಿ ಲಕ್ಕಮ್ಮನು ಆಯ್ದಕ್ಕಿ ಲಕ್ಕಮ್ಮನಾದಳು. ಕುಲವನ್ನು ಹೇಳದೆ ಕಾಯಕವನ್ನು ಹೇಳುವ ಹೆಸರುಗಳಿವು. ಗಳಿಸಿದ ಇಂತಹ ಹೆಸರನ್ನು ಇನ್ನೂ ಕಣ್ಣುಬಿಡದ ಕೂಸಿಗೆ ಇಡುವಾಗ ಅದು ಬಿರುದಾಗಲಾರದು. ಮುಂದೆ ತೀರಿಸಬೇಕಾದ ಋಣವಾಗುತ್ತದೆ.

ತಿಕೋಟಾ ಭಾಗದ ಒಂದು ಹಳ್ಳಿಯಲ್ಲಿ ಹುಟ್ಟಿದ ಯುವತಿಯೊಬ್ಬಳಿಗೆ ಈ ಋಣವು ಮೊದಲು ಭಾರವಾಗಿಯೇ ಕಂಡಿತು. ಬಹುಕಾಲ ಮಕ್ಕಳಿಲ್ಲದ ಮನೆಯಲ್ಲಿ ಗುಡ್ಡಾಪುರದ ಹರಕೆಯ ಫಲವೆಂದು ಹುಟ್ಟಿದ ಆಕೆಗೆ ದಾನಮ್ಮ ಎಂಬ ಹೆಸರಲ್ಲದೆ ಬೇರೊಂದು ಹೆಸರನ್ನು ಯಾರೂ ಯೋಚಿಸಿರಲಿಲ್ಲ. ಊರಿನಲ್ಲಿರುವವರೆಗೆ ಆ ಹೆಸರು ಆಕೆಗೆ ಉಸಿರಿನಷ್ಟೇ ಸಹಜವಾಗಿತ್ತು. ಉನ್ನತ ವ್ಯಾಸಂಗಕ್ಕಾಗಿ ಬೆಂಗಳೂರಿಗೆ ಬಂದಾಗ ತರಗತಿಯ ಮೊದಲ ದಿನವೇ, ಹಾಜರಿ ಪುಸ್ತಕದ ಇಂಗ್ಲಿಷ್ ಅಕ್ಷರಗಳನ್ನು ಓದಿದ ಅಧ್ಯಾಪಕರು ಆಕೆಯನ್ನು ‘ದನಮ್ಮ’ ಎಂದು ಕರೆದರು. ತರಗತಿಯು ಗೊಳ್ಳೆಂದು ನಕ್ಕಿತು. ದಾ ಎಂಬಲ್ಲಿ ಒಂದು ದೀರ್ಘ ತಪ್ಪಿದ ಮಾತ್ರಕ್ಕೆ ಶರಣೆಯ ಹೆಸರು ಹಟ್ಟಿಯ ದನದ ಹೆಸರಾಯಿತು. ಅಂದಿನಿಂದ ಆಕೆ ತನ್ನ ಹೆಸರನ್ನು ಕೇಳಿದವರಿಗೆ ಮೆಲ್ಲನೆ, ಅರೆಬರೆಯಾಗಿ ಹೇಳತೊಡಗಿದಳು. ಕೊನೆಗೆ ಹೆಸರನ್ನೇ ಬದಲಿಸಲು ನಿಶ್ಚಯಿಸಿ, ನೋಟರಿಯಿಂದ ಮಾಡಿಸಬೇಕಾದ ಪ್ರಮಾಣಪತ್ರವನ್ನೂ ಪತ್ರಿಕೆಯಲ್ಲಿ ಕೊಡಬೇಕಾದ ಪ್ರಕಟಣೆಯನ್ನೂ ಬರೆಸಿ ಸಿದ್ಧಪಡಿಸಿಕೊಂಡಳು.

ಈ ವಿಷಯವನ್ನು ತಿಳಿಸಲು ಆಕೆ ಊರಿಗೆ ಬಂದ ಹೊತ್ತು ಜಾತ್ರೆಯ ಮುನ್ನಾದಿನಗಳು. ಮನೆಯ ಮುಂದಿನ ದಾರಿಯಲ್ಲಿ ಗುಡ್ಡಾಪುರಕ್ಕೆ ನಡೆಯುವವರ ಗುಂಪುಗಳು ಸಾಗುತ್ತಿದ್ದವು. ಆಕೆಯ ಅಜ್ಜಿಯು ನಸುಕಿನಲ್ಲಿಯೇ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ವರ್ಷ ಮಳೆ ಕೈಕೊಟ್ಟು ಮನೆಯ ಜೋಳ ತೀರಿದ್ದರಿಂದ ಹಿಟ್ಟಿನ ಜೋಳವನ್ನು ಸಂತೆಯಲ್ಲಿ ಕೊಂಡು ತರಲಾಗಿತ್ತು. ಮೊಮ್ಮಗಳ ಮಾತನ್ನು ಪೂರ್ತಿ ಕೇಳಿದ ಅಜ್ಜಿಯು ಬೇಸರಪಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. “ಹೆಸರು ನಿಂದು, ಬ್ಯಾಡಾದ್ರ ಬಿಡವ್ವಾ. ಈಗ ಈ ಬುಟ್ಟಿ ಒಯ್ದು ಅವರಿಗೆ ಕೊಡು. ಕೊಡುವಾಗ ಮಾತ್ರ ತೆಲಿ ಬಗ್ಗಿಸು,” ಎಂದಳು.

ಕೊಡುವವಳೇ ತಲೆ ಬಾಗಬೇಕು ಎಂಬ ಈ ಮಾತಿನಲ್ಲಿ ಶರಣಧರ್ಮದ ತಿರುಳಿದೆ. ‘ದಾ’ ಎಂಬ ಸಂಸ್ಕೃತ ಧಾತುವಿನಿಂದ ಬಂದ ದಾನ ಎಂಬ ಪದಕ್ಕೆ ಕೊಡುವುದು ಎಂಬುದಷ್ಟೇ ಅರ್ಥ. ಆದರೆ ಲೋಕದ ರೂಢಿಯಲ್ಲಿ ದಾನ ಮಾಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಆ ಎತ್ತರದಲ್ಲಿ ‘ನಾನು ಕೊಟ್ಟೆ’ ಎಂಬ ಅಹಂಕಾರವು ಸುಲಭವಾಗಿ ಮನೆಮಾಡುತ್ತದೆ. ಇದನ್ನು ಕಂಡೇ ಶರಣರು ದಾಸೋಹವನ್ನು ಬೋಧಿಸಿದರು. ದಾಸೋಹವೆಂದರೆ ‘ನಾನು ದಾಸ’ ಎಂಬ ಭಾವ. ಪಡೆಯುವ ಜಂಗಮವೇ ಒಡೆಯ, ನೀಡುವವನು ಸೇವಕ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡ ಮಾರಯ್ಯನನ್ನು ಲಕ್ಕಮ್ಮನು ಎಚ್ಚರಿಸಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ನೀಡುವುದಕ್ಕಾಗಿಯೇ ಆದರೂ ಆಸೆ ಸಲ್ಲದೆಂಬ ನಿಷ್ಠುರತೆ ಅದು.

ಹಾಗಾದರೆ ದಾನವನ್ನು ಹೀಗೆ ಒರೆಗೆ ಹಚ್ಚಿದ ಶರಣರು ತಮ್ಮೊಳಗಿನ ಒಬ್ಬಳನ್ನು ದಾನಮ್ಮ ಎಂದು ಏಕೆ ಕರೆದರು? ಉತ್ತರವು ಹೆಸರಿನ ಉತ್ತರಾರ್ಧದಲ್ಲಿದೆ. ದಾನದ ಜೊತೆಗೆ ಅಲ್ಲಿ ಅಮ್ಮ ಎಂಬ ಅಚ್ಚಗನ್ನಡದ ಪದವು ಸೇರಿದೆ. ತಾಯಿಯು ಮಗುವಿಗೆ ಉಣಿಸಿದ್ದನ್ನು ಯಾರೂ ದಾನವೆನ್ನುವುದಿಲ್ಲ. ಆಕೆ ಲೆಕ್ಕವಿಡುವುದಿಲ್ಲ, ಉಂಡ ಮಗುವಿನಿಂದ ಕೃತಜ್ಞತೆಯನ್ನು ಬೇಡುವುದಿಲ್ಲ. ಮಗು ಉಂಡಿತೆಂಬುದೇ ಆಕೆಯ ತೃಪ್ತಿ. ದಾನದೊಳಗಿನ ‘ನಾನು’ ಅಮ್ಮನೆಂಬ ಪದದಲ್ಲಿ ಕರಗಿದಾಗ ಅದೇ ದಾಸೋಹವಾಗುತ್ತದೆ.

ಆ ದಿನ ಬುಟ್ಟಿಯನ್ನು ಹೊತ್ತು ದಾರಿಗೆ ಹೋದ ಯುವತಿಯು ತಲೆ ಬಾಗಿಸಿ ರೊಟ್ಟಿ, ಶೇಂಗಾ ಹಿಂಡಿಗಳನ್ನು ನೀಡಿದಳು. ಬರಿಗಾಲಿನಲ್ಲಿ ನಡೆದು ಬಂದ ಮುದುಕಿಯೊಬ್ಬಳು ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, “ಏನ ಹೆಸರವ್ವಾ ನಿಂದು?” ಎಂದು ಕೇಳಿದಳು. ಹೆಸರು ಕೇಳಿದೊಡನೆ ಆ ಮುದುಕಿ ಆಕೆಯ ಕೈಗಳನ್ನೇ ಹಿಡಿದುಕೊಂಡು ಹಣೆಗೆ ಮುಟ್ಟಿಸಿಕೊಂಡಳು. ಬೆಂಗಳೂರಿನಲ್ಲಿ ನಗೆಗೀಡಾದ ಹೆಸರು ಇಲ್ಲಿ ನಮಸ್ಕಾರಕ್ಕೆ ಪಾತ್ರವಾಯಿತು. ಆದರೆ ಆಕೆಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ರೊಟ್ಟಿ ಬಡಿದವಳು ಒಲೆಯ ಮುಂದೆಯೇ ಕುಳಿತಿದ್ದಳು, ನಮಸ್ಕಾರವು ಏನನ್ನೂ ಮಾಡದ ತನಗೆ ಸಂದಿತ್ತು. ನಗೆಯೂ ನಮಸ್ಕಾರವೂ ತನ್ನ ಗಳಿಕೆಯಲ್ಲವೆಂಬುದು ಆಕೆಗೆ ಆಗ ಅರಿವಾಯಿತು.

ಪ್ರಮಾಣಪತ್ರಕ್ಕೆ ಆಕೆ ಸಹಿ ಹಾಕಲಿಲ್ಲ. ಬೆಂಗಳೂರಿಗೆ ಮರಳಿದ ಬಳಿಕ ತಪ್ಪಾಗಿ ಕರೆದವರನ್ನು ತಾನೇ ನಗುಮೊಗದಿಂದ ತಿದ್ದತೊಡಗಿದಳು. ಮರುವರ್ಷ ಅಜ್ಜಿಗೆ ಒಲೆಯ ಮುಂದೆ ಕೂಡುವಷ್ಟು ಶಕ್ತಿ ಉಳಿದಿರಲಿಲ್ಲ. ರಜೆ ಪಡೆದು ಬಂದ ಮೊಮ್ಮಗಳು ನಸುಕಿನಲ್ಲೆದ್ದು ಹಿಟ್ಟು ನಾದಿದಳು. ಮೊದಲ ರೊಟ್ಟಿಗಳು ಹರಿದವು, ಕೆಲವು ಕರಕಾದವು. ಅಜ್ಜಿಯು ಗೋಡೆಗೆ ಒರಗಿ ಕುಳಿತು, ನೀರು ಎಷ್ಟು ಹಚ್ಚಬೇಕೆಂಬುದನ್ನಷ್ಟೇ ಹೇಳಿಕೊಡುತ್ತಿದ್ದಳು.

ಇಂದು ಮಕ್ಕಳಿಗೆ ಚಿಕ್ಕ, ಹೊಸ ಹೆಸರುಗಳನ್ನು ಹುಡುಕುವ ತಂದೆತಾಯಿಗಳು ಹೆಚ್ಚು, ಅದು ತಪ್ಪೇನಲ್ಲ. ಆದರೆ ಶರಣೆಯ ಹೆಸರನ್ನು ಇಡುವವರು ಅದರ ಹಿಂದಿನ ಬದುಕನ್ನೂ ಮಗುವಿಗೆ ತಿಳಿಸಬೇಕು. ತಿಳಿಸದಿದ್ದರೆ ಆ ಹೆಸರು ಬರಿಯ ಅಕ್ಷರವಾಗಿ ಉಳಿದು, ಒಂದು ದೀರ್ಘ ತಪ್ಪಿದರೂ ನಗೆಗೀಡಾಗುತ್ತದೆ. ಕಿವಿಯಲ್ಲಿ ಉಸುರಿದ ಹೆಸರು ಕೈಗಳಿಗೆ ಇಳಿದಾಗಲೇ ನಾಮಕರಣವು ಪೂರ್ಣವಾಗುತ್ತದೆ.