ಅಕ್ಕಿ ಡಬ್ಬದ ತಳ ಕಂಡಾಗ

ಬೆಳಗ್ಗೆ ಏಳುವಾಗಲೇ ಸುಸ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಾಚಣಿಗೆ ತುಂಬ ಕೂದಲು. "ವಯಸ್ಸಾಯ್ತಲ್ಲ, ಇನ್ನೇನು" ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಮನೆಯವರು ಅದಕ್ಕೆ ಬೇರೆ ಹೆಸರಿಡುತ್ತಾರೆ: ಸೋಮಾರಿತನ. ನಿಮಗೂ ಆ ಬಿರುದು ಸಿಕ್ಕಿದೆಯೇ?

ನಮ್ಮ ಅತ್ತಿಗೆಗೆ ಸಿಕ್ಕಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 12.2. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಿದ್ದರೆ ತಾನೇ ರಕ್ತಹೀನತೆ? "ಏನೂ ತೊಂದರೆ ಇಲ್ಲಮ್ಮ, ಚೆನ್ನಾಗಿ ನಿದ್ದೆ ಮಾಡಿ" ಎಂದು ಡಾಕ್ಟರು ಕಳಿಸಿಬಿಟ್ಟರು. "ಏನೂ ಇಲ್ಲ ಅಂದ್ಮೇಲೆ ಸುಸ್ತು ಅಂತ ಹೇಳ್ಕೊಳ್ಳೋಕೂ ನಾಚಿಕೆ ಕಣೇ" ಎಂದು ಅತ್ತಿಗೆ ಬಾಯಿ ಮುಚ್ಚಿಕೊಂಡರು. ಆರು ತಿಂಗಳ ಮೇಲೆ ಇನ್ನೊಬ್ಬ ಲೇಡಿ ಡಾಕ್ಟರು ಫೆರಿಟಿನ್ ಎಂಬ ಪರೀಕ್ಷೆ ಬರೆದುಕೊಟ್ಟರು. ಬಂದದ್ದು 7. ಆರೋಗ್ಯವಾಗಿರುವ ದೊಡ್ಡವರಲ್ಲಿ ಅದು 15ಕ್ಕಿಂತ ಕೆಳಗಿಳಿದರೆ ಕಬ್ಬಿಣದ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಎರಡು ಪರೀಕ್ಷೆ ಎರಡು ಮಾತಾಡುವುದು ಹೇಗೆ ಅಂತೀರಾ? ಒಲೆಯ ಮೇಲೆ ಅನ್ನ ಬೇಯುತ್ತಿದೆ, ಇವತ್ತಿನ ಊಟಕ್ಕೆ ಕೊರತೆಯಿಲ್ಲ. ಆದರೆ ಅಕ್ಕಿ ಡಬ್ಬಕ್ಕೆ ಬಗ್ಗಿ ನೋಡಿದರೆ ತಳ ಕಾಣುತ್ತಿದೆ. ಹಿಮೋಗ್ಲೋಬಿನ್ ಒಲೆಯ ಮೇಲಿನ ಅನ್ನ. ಫೆರಿಟಿನ್ ಅಕ್ಕಿ ಡಬ್ಬ.

ದೊಡ್ಡವರ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿ 3-4 ಗ್ರಾಂ, ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅಷ್ಟನ್ನೂ ಬಿಡಿಬಿಡಿಯಾಗಿ ಓಡಾಡಲು ಬಿಟ್ಟರೆ ಜೀವಕೋಶಗಳಿಗೇ ಹಾನಿ. ಅದಕ್ಕೇ ಮೈ ಅದನ್ನು ಸದಾ ಯಾವುದಾದರೂ ಪ್ರೋಟೀನಿನ ಸುಪರ್ದಿಗೆ ಕೊಟ್ಟಿರುತ್ತದೆ. ರಕ್ತದಲ್ಲಿ ಹೊತ್ತು ತಿರುಗುವುದು ಟ್ರಾನ್ಸ್‌ಫೆರಿನ್. ಒಂದು ಸಲಕ್ಕೆ ಎರಡೇ ಪರಮಾಣು, ಬಾವಿಯಿಂದ ಎರಡು ಕೊಡ ನೀರು ತರುವವಳ ಹಾಗೆ. ಕೂಡಿಡುವುದು ಫೆರಿಟಿನ್. 24 ತುಂಡು ಸೇರಿ ಆದ ಟೊಳ್ಳು ಚೆಂಡು ಅದು, ಒಳಗೆ ಸುಮಾರು 4,500 ಪರಮಾಣು ಹಿಡಿಯುತ್ತದೆ! 1937ರಲ್ಲಿ ಲಾಫ್‌ಬರ್ಗರ್ ಎಂಬ ಜೆಕ್ ವಿಜ್ಞಾನಿ ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿದರು. ಈ ಡಬ್ಬಗಳಲ್ಲಿ ಒಂದಿಷ್ಟು ರಕ್ತಕ್ಕೂ ಬರುವುದರಿಂದಲೇ ನಾವು ಉಗ್ರಾಣದ ಲೆಕ್ಕ ತಿಳಿಯಬಹುದು.

ಮೈಯ ಜಿಪುಣತನ ನೋಡಿದರೆ ನಿಮಗೆ ಮೆಚ್ಚುಗೆಯಾಗುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸತ್ತ ಕಣವನ್ನು ಬಿಚ್ಚಿ ದಿನಕ್ಕೆ 20-25 ಮಿಲಿಗ್ರಾಂ ಕಬ್ಬಿಣವನ್ನು ಮತ್ತೆ ಬಳಸುತ್ತದೆ, ನಮ್ಮಜ್ಜಿಯರು ಹಳೇ ಸೀರೆಯಲ್ಲಿ ಕೌದಿ ಹೊಲಿಯುತ್ತಿದ್ದಂತೆ. ಊಟದಿಂದ ಹೊಸದಾಗಿ ಸೇರುವುದು ದಿನಕ್ಕೆ 1-2 ಮಿಲಿಗ್ರಾಂ ಮಾತ್ರ. ಗಂಡಸರಿಗೆ ಅಷ್ಟು ಸಾಕು. ನಮಗೆ? ತಿಂಗಳು ತಿಂಗಳೂ ರಕ್ತ ಹೋಗುತ್ತದಲ್ಲ.

ಆ ಡಾಕ್ಟರು ಅತ್ತಿಗೆಯನ್ನು ಕೇಳಿದ್ದೂ ಅದನ್ನೇ. "ಮುಟ್ಟು ಎಷ್ಟು ದಿನ ಇರುತ್ತಮ್ಮ?"

"ಎಂಟು ದಿನ. ಎಲ್ಲರಿಗೂ ಅಷ್ಟೇ ಅಲ್ವಾ ಡಾಕ್ಟ್ರೇ?"

ಅಲ್ಲ. ಹನ್ನೊಂದು ವರ್ಷದಿಂದ, ಎರಡನೇ ಮಗು ಆದಾಗಿನಿಂದ ಹಾಗೇ ನಡೆದಿತ್ತಂತೆ. ಅಣ್ಣನಿಗೆ ಹೇಳಿಲ್ಲ, ಅಮ್ಮನಿಗೆ ಹೇಳಿಲ್ಲ, ಒಂದೇ ಮನೆಯಲ್ಲಿ ಬೆಳೆದ ನನಗೂ ಹೇಳಿಲ್ಲ. ಅದೇನು ಹೇಳುವ ವಿಷಯವೇ ಎಂದುಕೊಂಡಿದ್ದರು. ತೂತು ಮುಚ್ಚದೆ ಡಬ್ಬ ತುಂಬಲು ಬರುತ್ತದೆಯೇ? ಮೊದಲು ಅದಕ್ಕೆ ಔಷಧಿ ಶುರುವಾಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಅತ್ತಿಗೆಯಂಥವರು ಆ ಲೆಕ್ಕಕ್ಕೂ ಸಿಗುವವರಲ್ಲ.

ಇನ್ನು ಮಾತ್ರೆಯ ವಿಷಯ. ಹೆಚ್ಚು ನುಂಗಿದರೆ ಬೇಗ ತುಂಬುತ್ತದೆ ಎನ್ನುವ ಹಾಗಿಲ್ಲ. ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಲಿವರ್ ಬಾಗಿಲು ಕಾಯಲು ಕಳಿಸುತ್ತದೆ. 2000ದ ಆಸುಪಾಸಿನಲ್ಲಿ ತಿಳಿದ ಸಂಗತಿ ಇದು. ಒಂದು ಮಾತ್ರೆ ಒಳಗೆ ಹೋದರೆ ಹೆಪ್ಸಿಡಿನ್ ಏರಿ, ಸುಮಾರು ಒಂದು ದಿನ ಬಾಗಿಲು ಓರೆ ಮಾಡುತ್ತದೆ. ಆದ್ದರಿಂದ ಈಗ ಕೆಲವು ಡಾಕ್ಟರುಗಳು ದಿನ ಬಿಟ್ಟು ದಿನ ಕೊಡುತ್ತಾರೆ. ಜ್ವರ, ಸೋಂಕು ಇದ್ದಾಗಲೂ ಅದು ಏರುತ್ತದೆ. ಆಗ ಫೆರಿಟಿನ್ ಕೂಡ ಸುಳ್ಳೇ ಹೆಚ್ಚು ಕಾಣಬಹುದು, ಡಾಕ್ಟರಿಗೆ ಹೇಳಿ. ಕೆಲವರಿಗೆ ಕಬ್ಬಿಣ ಹೆಚ್ಚಾಗುವ ಕಾಯಿಲೆಯೂ ಇರುತ್ತದೆ, ಪಕ್ಕದ ಮನೆಯವರ ಮಾತ್ರೆ ಕೇಳಿ ತಂದು ನುಂಗಬೇಡಿ.

ಸೊಪ್ಪಿನ ಸಾರು, ಕಾಳು ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆ. ಒಂದು ಗಂಟೆಯಾದರೂ ತಡೆಯಿರಿ, ನಮ್ಮ ಮನೆಯಲ್ಲಂತೂ ಇದೇ ಕಷ್ಟವಾದದ್ದು! ಮಾತ್ರೆಯಿಂದ ಮಲ ಕಪ್ಪಗಾದರೆ ಗಾಬರಿ ಬೇಡ. ಹಿಮೋಗ್ಲೋಬಿನ್ ಸರಿಹೋಯಿತೆಂದು ನೀವಾಗಿ ಮಾತ್ರೆ ನಿಲ್ಲಿಸಲೂ ಬೇಡಿ. ಮೊದಲು ಬೇಯುವುದು ಅನ್ನ, ಡಬ್ಬ ತುಂಬಲು ಇನ್ನೂ ಮೂರು ತಿಂಗಳಾದರೂ ಬೇಕು.